ಮನೆಮಾತು, ಊರಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ನಾಲ್ಕು ಕನ್ನಡ ಇದೆ. ಅಮ್ಮನ ತವರು ಧಾರವಾಡದ ಕಡೆ. ಅಪ್ಪನ ಊರು ಕುಂದಾಪುರದ ಹತ್ತಿರ. ನಾನು ಓದಿ ಬೆಳೆದದ್ದು ಮೈಸೂರಿನಲ್ಲಿ. ಹೆಂಡತಿ ಮಂಡ್ಯದವಳು. ಹೀಗಾಗಿ ಊಟಕ್ಕೆ ಕೂತರೆ ಯಾವುದೋ ಒಂದು ಪದದ ಮೇಲೆ ಮಾತು ಶುರುವಾಗಿಯೇ ಆಗುತ್ತದೆ. ನೆಂಟರು, ಗೆಳೆಯರು, ಆಫೀಸಿನವರು ಕೇಳಿದ ಪ್ರಶ್ನೆಗಳನ್ನು ಸುಮಾರು ವರ್ಷಗಳಿಂದ ಬರೆದಿಟ್ಟುಕೊಂಡು ಬಂದಿದ್ದೇನೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು.

ಯಾವ ಊರಿನ ಕನ್ನಡ ಶುದ್ಧ ಕನ್ನಡ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಅಂಥ ಒಂದು ಊರು ಇಲ್ಲ. ಪುಸ್ತಕದ ಕನ್ನಡ ಇರುವುದು ಬೀದರಿನವರೂ ಚಾಮರಾಜನಗರದವರೂ ಒಂದೇ ಪತ್ರಿಕೆ ಓದಲಿ ಎಂದು. ಅದು ಬೇಕು. ಆದರೆ ಅಡುಗೆಮನೆಯಲ್ಲಿ ನಿಂತು ಯಾರೂ ಹಾಗೆ ಮಾತಾಡುವುದಿಲ್ಲ.

ಇದು ಇವತ್ತಿನ ಮಾತೂ ಅಲ್ಲ. ಸುಮಾರು 850ರ ಹೊತ್ತಿನ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಹೇಳುವುದು ಎಲ್ಲರಿಗೂ ಗೊತ್ತು. ಅದೇ ಪುಸ್ತಕದಲ್ಲಿ ಇನ್ನೊಂದು ಪದ್ಯ ಇದೆ. ಅದರಲ್ಲಿ 'ಕನ್ನಡ' ಎಂದಿಲ್ಲ, 'ಕನ್ನಡಂಗಳ್' ಎಂದಿದೆ. ದೇಸಿ ಬೇರೆ ಬೇರೆ ಇರುವುದರಿಂದ ಇವುಗಳ ತಪ್ಪು ಇಷ್ಟೇ ಎಂದು ಹೇಳಲು ಹೋದರೆ ನಾಗರಾಜ ವಾಸುಕಿಗೂ ಆಗದೆ ಬೇಸರವಾಗುತ್ತದೆ ಎಂಬುದು ಅದರ ಮಾತು. ಸಾವಿರ ವರ್ಷಕ್ಕೂ ಹಿಂದೆಯೇ ಕನ್ನಡಗಳು ಎಂದು ಹೇಳಿದ್ದಾರೆ, ನೋಡಿ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ 'ಐತಿ' ಎಂದದ್ದಕ್ಕೆ ಎಲ್ಲರ ಮುಂದೆ ನಿಲ್ಲಿಸಿ ಹತ್ತು ಸಲ 'ಇದೆ' ಎನ್ನಿಸಿದ್ದರು. ಆ ದಿನ ಮನೆಗೆ ಬಂದು ಅಮ್ಮನಿಗೆ 'ನೀನು ತಪ್ಪು ಮಾತಾಡ್ತೀಯ' ಎಂದೆ. ಅಮ್ಮ ಏನೂ ಹೇಳಲಿಲ್ಲ. ನನ್ನ ಗೆಳೆಯರು ಮನೆಗೆ ಬಂದಾಗ ಮಾತ್ರ ಆಮೇಲೆ ಕಡಿಮೆ ಮಾತಾಡತೊಡಗಿದಳು. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

'ಇದೆ' ಅನ್ನುವುದಕ್ಕೆ ಎಷ್ಟು ರೂಪ ಇವೆ?

ನಾನು ಕಿವಿಯಾರೆ ಕೇಳಿದ್ದು ಇಷ್ಟು. ಧಾರವಾಡ, ಗದಗದ ಕಡೆ 'ಐತಿ'. ವಿಜಯಪುರ, ಕಲಬುರಗಿ, ಬೀದರಿನಲ್ಲಿ 'ಅದ'. ತುಮಕೂರು, ಚಿತ್ರದುರ್ಗದಲ್ಲಿ 'ಐತೆ'. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ 'ಐತೆ' ಜೊತೆಗೆ 'ಅದೆ'. ಮಂಗಳೂರಿನಲ್ಲಿ 'ಉಂಟು'.

ಹೊರಗಿನವರು ಎಡವುವುದು ಉಳಿದ ಎರಡರಲ್ಲಿ. ಕುಂದಾಪುರದಲ್ಲಿ 'ಇತ್ತ್' ಎಂದರೆ 'ಇದೆ'. ಹವ್ಯಕರ ಮಾತಿನಲ್ಲಿ 'ಇದ್ದು' ಎಂದರೂ 'ಇದೆ'. ಮೈಸೂರಿನವರ ಕಿವಿಗೆ ಎರಡೂ ಮುಗಿದುಹೋದ ಕಾಲದ ಮಾತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅಪ್ಪನ ಊರಿಗೆ ಬಂದಿದ್ದಳು. 'ಮೊಸರು ಇದೆಯಾ?' ಎಂದು ಕೇಳಿದಳು. ದೊಡ್ಡಮ್ಮ 'ಇತ್ತ್, ಇತ್ತ್' ಎಂದರು. ಖಾಲಿಯಾಗಿದೆ ಅಂದುಕೊಂಡು ಇವಳು ಮೊಸರಿಲ್ಲದೆ ಊಟ ಮುಗಿಸಿ ಎದ್ದಳು. ಸೊಸೆಗೆ ನಮ್ಮ ಮನೆ ಮೊಸರು ಹಿಡಿಸಲಿಲ್ಲವೇನೋ ಎಂದು ದೊಡ್ಡಮ್ಮನಿಗೆ ರಾತ್ರಿಯೆಲ್ಲ ಕಳವಳ.

ಮಂಡ್ಯದವರು 'ಹಾಲು' ಅನ್ನದೆ 'ಆಲು' ಅನ್ನುತ್ತಾರೆ. 'ಹ' ಯಾಕೆ ನುಂಗುತ್ತಾರೆ?

ಮೊದಲು ಹಾಲು ಎಲ್ಲಿಂದ ಬಂತು ನೋಡೋಣ. ಹಳಗನ್ನಡದಲ್ಲಿ ಅದು 'ಪಾಲ್'. ಹುಲಿ 'ಪುಲಿ', ಹೂವು 'ಪೂ', ಹಳ್ಳಿ 'ಪಳ್ಳಿ'. ಪಂಪನ ಕಾಲದಲ್ಲೂ, ಅಂದರೆ 10ನೇ ಶತಮಾನದಲ್ಲೂ, ಬರೆಯುತ್ತಿದ್ದದ್ದು ಹೀಗೆಯೇ. ಆಮೇಲೆ ನಿಧಾನವಾಗಿ ಪದದ ಮೊದಲಿನ 'ಪ' ಸವೆದು 'ಹ' ಆಯಿತು. ನಮ್ಮ ನೆರೆಯ ಭಾಷೆಗಳಲ್ಲಿ ಆಗಲಿಲ್ಲ. ತಮಿಳಿನಲ್ಲಿ ಇವತ್ತಿಗೂ ಪಾಲ್, ಪುಲಿ, ಪೂ. ತುಳುವಿನಲ್ಲಿ ಪೇರ್, ಪಿಲಿ, ಪೂ. ದಸರೆಯಲ್ಲಿ ಮಂಗಳೂರಿನ ಬೀದಿಯಲ್ಲಿ ಕುಣಿಯುವ ಪಿಲಿವೇಷದ ಪಿಲಿ ನಮ್ಮ ಹುಲಿಯೇ.

ಹಾಗಾದರೆ 'ಪ' ಪೂರ್ತಿ ಹೋಯಿತಾ? ಇಲ್ಲ. ಒತ್ತಿದ್ದ ಕಡೆ ಗಟ್ಟಿಯಾಗಿ ನಿಂತಿತು: ಅಪ್ಪ, ಉಪ್ಪು, ತುಪ್ಪ, ಸೊಪ್ಪು. ಎಣಿಸುವಾಗಲೂ ಅದು ಸಿಗುತ್ತದೆ. ಹತ್ತು ಹಿಂದೆ 'ಪತ್ತು' ಆಗಿತ್ತು. ಅದು 'ಹತ್ತು' ಆದ ಮೇಲೂ ನಾವು 'ಇಹತ್ತು' ಎನ್ನಲಿಲ್ಲ, 'ಇಪ್ಪತ್ತು' ಎಂದೇ ಉಳಿಸಿಕೊಂಡೆವು. ಎಪ್ಪತ್ತರಲ್ಲೂ ಅದೇ ಪತ್ತು. ಪಡೆ, ಪಡು ಥರ ಕೆಲವು ಪದ ಮಾತ್ರ ಯಾಕೋ ಬದಲಾಗದೆ ಉಳಿದವು.

ಈಗ ಮಂಡ್ಯಕ್ಕೆ ಬನ್ನಿ. ಪಾಲು ಹಾಲಾಯಿತು, ಹಾಲು ಆಲಾಯಿತು. ಒಂದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ, ಅಷ್ಟೇ. 'ಪ'ವನ್ನು 'ಹ' ಮಾಡಿದ ನಾವು, ಆ 'ಹ'ವನ್ನೂ ಬಿಟ್ಟವರಿಗೆ ಭಾಷೆ ಬರುವುದಿಲ್ಲ ಎನ್ನುವುದು ನ್ಯಾಯ ಅಲ್ಲ.

ಮಂಗಳೂರಿನವರ ಕನ್ನಡ ಪುಸ್ತಕ ಓದಿದ ಹಾಗೆ ಯಾಕೆ ಇರುತ್ತದೆ?

ಅಲ್ಲಿ ಬಹಳಷ್ಟು ಜನಕ್ಕೆ ಕನ್ನಡ ಮನೆಮಾತಲ್ಲ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಸಿಗುವುದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದಲ್ಲಿ. ಬರೆದಂತೆ ಕಲಿತದ್ದನ್ನು ಬರೆದಂತೆಯೇ ಆಡುತ್ತಾರೆ. 'ಹೋಗ್ತೀನಿ' ಅಲ್ಲ, 'ಹೋಗ್ತೇನೆ'. ಎರಡನೇ ಭಾಷೆಯನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡವರ ಮೇಲೆ ನನಗೆ ತುಂಬ ಗೌರವ.

ಸ್ವಲ್ಪ ಉತ್ತರಕ್ಕೆ ಹೋದರೆ ಕುಂದಾಪುರ. ಅಲ್ಲಿ ಕನ್ನಡವೇ ಮನೆಮಾತು. ಹಾಗಾಗಿ ಅದು ತನ್ನದೇ ದಾರಿ ಹಿಡಿದಿದೆ: 'ಹೋಗುತ್ತೇನೆ' ಅನ್ನುವುದು 'ಹೋತೆ' ಆಗಿದೆ, 'ಕೂತುಕೊಳ್ಳಿ' ಅನ್ನುವುದು 'ಕೂಕಣಿ' ಆಗಿದೆ. ಆಸಾಡಿ ಅಮಾವಾಸ್ಯೆಯ ದಿನ ಅಲ್ಲಿಯವರು ತಮ್ಮ ಕನ್ನಡಕ್ಕೆ ಒಂದು ಹಬ್ಬವನ್ನೇ ಮಾಡುತ್ತಾರೆ.

ಮೆಣಸು ಎಂದರೆ ಕಾಳೋ, ಕಾಯಿಯೋ?

ಮೈಸೂರಿನಲ್ಲಿ ಕಾಳು. ಕರಾವಳಿಯಲ್ಲಿ ಸುಮ್ನೆ 'ಮೆಣಸು' ಎಂದರೆ ಒಣಮೆಣಸಿನಕಾಯಿ. ಫೋನಿನಲ್ಲಿ ಅತ್ತೆಯಿಂದ ಅಡುಗೆ ಕೇಳಿ ಬರೆದುಕೊಳ್ಳುವವರು ಇದೊಂದನ್ನು ಮೊದಲು ಕೇಳಿಕೊಳ್ಳಿ.

ಗೊಂದಲಕ್ಕೆ ಕಾರಣ ಇತಿಹಾಸದಲ್ಲಿದೆ. ನಮ್ಮ ನೆಲದ ಖಾರ ಎಂದರೆ ಕಾಳುಮೆಣಸು. ಮಲೆನಾಡಿನ ಮರಕ್ಕೆ ಹಬ್ಬುವ ಬಳ್ಳಿ. 'ಮೆಣಸು' ಎಂಬ ಹೆಸರು ಅದರದ್ದೇ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ನಮ್ಮ ಕಡೆಗೆ ಬಂತು. ಹೊಸ ಕಾಯಿಗೆ ಹೆಸರಿಲ್ಲ. ಬಾಯಿಗಿಟ್ಟರೆ ಮೆಣಸಿನ ಹಾಗೆ ಖಾರ. ಆದ್ದರಿಂದ ಮೆಣಸಿನ ಕಾಯಿ. ದಿನ ಕಳೆದ ಹಾಗೆ ಹೊಸಬರು ಅಡುಗೆಮನೆಯನ್ನೆಲ್ಲ ತುಂಬಿಕೊಂಡರು. ಆಗ ಹಳಬರನ್ನು ಗುರುತಿಸಲು ಕರಿಮೆಣಸು, ಕಾಳುಮೆಣಸು ಎಂದು ಹೇಳಬೇಕಾಯಿತು. ಮಲೆನಾಡು, ಕರಾವಳಿಯವರು ಅದನ್ನು 'ಒಳ್ಳೆಮೆಣಸು' ಎನ್ನುತ್ತಾರೆ. ಆ ಹೆಸರು ನನಗೆ ತುಂಬ ಇಷ್ಟ. ಹೊಸದು ಎಷ್ಟೇ ಕೆಂಪಗಿರಲಿ, ಒಳ್ಳೆಯದು ನಮ್ಮ ಹಳೆಯದೇ ಎಂದ ಹಾಗಿದೆ. ಬ್ಯಾಡಗಿ ಮೆಣಸಿನಕಾಯಿಯವರು ಒಪ್ಪಲಿಕ್ಕಿಲ್ಲ.

ಸೀಬೆ, ಚೇಪೆ, ಪೇರಲ: ಒಂದೇ ಹಣ್ಣಿಗೆ ಇಷ್ಟು ಹೆಸರು ಯಾಕೆ?

ಅದೂ ಹೊರಗಿನಿಂದ ಬಂದ ಹಣ್ಣು, ಹೆಸರಿಲ್ಲದೆ ಬಂತು. ಬಂದ ಕಡೆಯಲ್ಲೆಲ್ಲ ಒಂದೊಂದು ಹೆಸರು ಸಿಕ್ಕಿತು. ಪರಂಗಿಹಣ್ಣು ನೋಡಿ. ಪರಂಗಿ ಎಂದರೆ ಫಿರಂಗಿ, ಅಂದರೆ ಯುರೋಪಿನವ. ಫಿರಂಗಿಯವರು ತಂದ ಹಣ್ಣು. ಕರಾವಳಿಯವರು ಅದನ್ನೇ ಪಪ್ಪಾಯಿ ಎನ್ನುತ್ತಾರೆ. ಆಲೂಗಡ್ಡೆಯನ್ನು ಬಟಾಟೆ ಎನ್ನುವವರ ಬಾಯಲ್ಲಿ ಇರುವುದು ಪೋರ್ಚುಗೀಸ್ ಪದ.

ಹಿಂದಿನಿಂದಲೂ ನಮ್ಮಲ್ಲಿ ಇದ್ದದ್ದಕ್ಕೂ ಹೆಸರು ಒಂದೇ ಇರಬೇಕೆಂದಿಲ್ಲ. ಮೈಸೂರಿನ ಈರುಳ್ಳಿ ಮಂಗಳೂರಿನಲ್ಲಿ ನೀರುಳ್ಳಿ, ಹುಬ್ಬಳ್ಳಿಯಲ್ಲಿ ಉಳ್ಳಾಗಡ್ಡಿ. ಮೂರರಲ್ಲೂ ಒಂದೇ 'ಉಳ್ಳಿ' ಕೂತಿದೆ. ಬಿಳಿ ಉಳ್ಳಿ ಬೆಳ್ಳುಳ್ಳಿ.

ಜಾಸ್ತಿ, ರಜೆ, ಕಾಗದ ಕನ್ನಡ ಪದಗಳಾ?

ಬಂದದ್ದು ಪಾರಸಿ, ಅರಬ್ಬಿಯಿಂದ. ಕುರ್ಚಿ, ಖಾಲಿ, ಬಾಕಿ, ಅರ್ಜಿ, ಜಮೀನು, ತಾರೀಖು, ಖುಷಿ ಕೂಡ. ಮೇಜು, ಪಾದ್ರಿ, ಇಸ್ತ್ರಿ ಪೋರ್ಚುಗೀಸಿನಿಂದ. ಕಚೇರಿಗೆ ಅರ್ಜಿ ಹಿಡಿದು ಹೋಗಿ, ಕುರ್ಚಿ ಖಾಲಿ ಇಲ್ಲದೆ ನಿಂತು, ಮುಂದಿನ ತಾರೀಖು ಕೇಳಿಕೊಂಡು ಬಂದ ರೈತ ಆಡಿದ್ದು ಕನ್ನಡವೇ ಅಲ್ವಾ? ನನ್ನ ಮಟ್ಟಿಗೆ, ಅಜ್ಜಿ ಯೋಚಿಸದೆ ಬಳಸುವ ಪದ ಕನ್ನಡ ಪದ.

'ಸುಮ್ನೆ' ಎಂದರೆ ಏನು? ಕನ್ನಡ ಕಲಿಯುವ ಗೆಳೆಯನಿಗೆ ಹೇಗೆ ಹೇಳಿಕೊಡಲಿ?

ಒಂದೇ ಅರ್ಥ ಹೇಳಿಕೊಡಲು ಹೋಗಬೇಡಿ, ಸಂದರ್ಭ ಕೊಡಿ. 'ಸುಮ್ನಿರು': ಮಾತಾಡಬೇಡ. 'ಸುಮ್ನೆ ಬಂದೆ': ಕೆಲಸ ಏನೂ ಇರಲಿಲ್ಲ, ನೋಡಬೇಕು ಅನ್ನಿಸಿತು. 'ಸುಮ್ನೆ ಹೇಳ್ದೆ': ತಮಾಷೆಗೆ ಹೇಳಿದೆ, ನಿಜ ಅಲ್ಲ. 'ಸುಮ್ನೆ ಯಾರು ಕೊಡ್ತಾರೆ?': ದುಡ್ಡಿಲ್ಲದೆ ಯಾರೂ ಕೊಡುವುದಿಲ್ಲ. 'ಮಗು ಸುಮ್ ಸುಮ್ನೆ ಅಳ್ತಿದೆ': ಕಾರಣ ಕಾಣಿಸುತ್ತಿಲ್ಲ. ಇದರಲ್ಲಿ ಎರಡನೆಯದು ನನಗೆ ಅಚ್ಚುಮೆಚ್ಚು. ಊರಿನಲ್ಲಿ ಬಾಗಿಲಿಗೆ ಬಂದವರನ್ನು 'ಏನು ಬಂದ್ರಿ?' ಎಂದರೆ 'ಸುಮ್ನೆ' ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಯಾರೂ ಕೇಳುವುದಿಲ್ಲ. ಕಾಫಿಗೆ ಇಡುತ್ತಾರೆ.

ಮಾತಿನ ಕೊನೆಗೆ 'ಕಣೋ', 'ಮಾರಾಯ' ಯಾಕೆ ಸೇರಿಸುತ್ತೇವೆ?

'ಕಣೋ' ಎಂದರೆ 'ಕಾಣೋ', ನೋಡೋ ಎಂದು. ವಚನಗಳಲ್ಲಿ ಬರುವ 'ಕಾಣಾ' ಕೂಡ ಇದೇ. 'ಮಾರಾಯ' ಮಹಾರಾಯನ ಮೊಟಕು ರೂಪ. ಕರಾವಳಿಯಲ್ಲಿ ಪ್ರತಿಯೊಬ್ಬನೂ ಮಹಾರಾಯನೇ, ಸಾಲ ಕೇಳಲು ಬಂದವನೂ.

ಇದರ ಜೊತೆಗೆ ಕೇಳುವ ಇನ್ನೊಂದು, 'ಕಾಫಿ ಗೀಫಿ'. ಪದದ ಮೊದಲ ಅಕ್ಷರ ತೆಗೆದು ಅಲ್ಲಿ ಗಿ ಅಥವಾ ಗೀ ಇಟ್ಟರೆ 'ಅದೂ, ಅಂಥದ್ದೂ' ಎಂದಾಗುತ್ತದೆ. ಅಕ್ಷರ ಗಿಡ್ಡವಾಗಿದ್ದರೆ ಗಿ, ಉದ್ದವಾಗಿದ್ದರೆ ಗೀ. ಪುಸ್ತಕ ಗಿಸ್ತಕ, ಹಾಲು ಗೀಲು. ಯಾರೂ ಹೇಳಿಕೊಡದೆ ಮೂರು ವರ್ಷದ ಮಗು ಇದನ್ನು ತಪ್ಪಿಲ್ಲದೆ ಮಾಡುತ್ತದೆ.

'ನಾವು' ಎಂದಾಗ ಎದುರಿಗಿರುವವರೂ ಸೇರುತ್ತಾರಾ?

ಕನ್ನಡದಲ್ಲಿ ಗೊತ್ತಾಗುವುದಿಲ್ಲ. 'ನಾವು ನಾಳೆ ಹೊರನಾಡಿಗೆ ಹೋಗೋದು' ಎಂದು ಪಕ್ಕದ ಮನೆಯವರು ಹೇಳಿದರೆ ನೀವು ಬಟ್ಟೆ ತುಂಬಿಕೊಳ್ಳಬೇಕೋ ಬೇಡವೋ? ತುಳುವರಿಗೆ ಈ ಕಷ್ಟ ಇಲ್ಲ. ನಿಮ್ಮನ್ನು ಬಿಟ್ಟು ನಾವು ಎಂದರೆ 'ಎಂಕುಲು', ನಿಮ್ಮನ್ನೂ ಸೇರಿಸಿ ಎಂದರೆ 'ನಮ'. ತೆಲುಗಿನಲ್ಲಿ 'ಮೇಮು', 'ಮನಮು'. ತಮಿಳಿನಲ್ಲೂ ಎರಡಿದೆ. ನಮ್ಮಲ್ಲಿ ಹವ್ಯಕರ ಮಾತು ಇದನ್ನು ಉಳಿಸಿಕೊಂಡಿದೆ: 'ಎಂಗೊ' ಮತ್ತು 'ನಾವು'. 'ನಾನು' ಎನ್ನಲು ಅವರು ಬಳಸುವ 'ಆನು' ಕೂಡ ಹಳಗನ್ನಡದ 'ಆನ್'. ಪಠ್ಯಪುಸ್ತಕದ ಕನ್ನಡ ಕಳೆದುಕೊಂಡದ್ದು ಒಂದು ಮನೆಮಾತಿನಲ್ಲಿ ಭದ್ರವಾಗಿದೆ. ಮನೆಮಾತನ್ನು ತಿದ್ದಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಇದೇಕೆ ಹೀಗೆ?

ಒಂದು ಕಾಲದಲ್ಲಿ ಅವರಿಬ್ಬರೂ ಎಷ್ಟೋ ಸಲ ಒಬ್ಬರೇ ಆಗಿದ್ದರು. ಸೋದರತ್ತೆಯ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ರೂಢಿ. ಹಾಗಾಗಿ ಅಮ್ಮನ ಅಣ್ಣತಮ್ಮಂದಿರೂ ಮಾವ, ಗಂಡನ ಅಪ್ಪನೂ ಮಾವ. ಗಂಡಸಿಗೆ ಅಕ್ಕತಂಗಿಯರ ಮಗನೂ ಅಳಿಯ, ಮಗಳ ಗಂಡನೂ ಅಳಿಯ.

ಇನ್ನೊಂದು ಮಗ್ಗುಲು ನೋಡಿ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ: ಇವರೆಲ್ಲರ ಹೆಸರಿನಲ್ಲೇ ಅಪ್ಪ, ಅಮ್ಮ ಇದ್ದಾರೆ. ಅವರ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿ. ಅಲ್ಲಿ ಮದುವೆಯ ಮಾತೇ ಇಲ್ಲ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬುದು ಕರೆಯುವ ಹೆಸರಿನಲ್ಲೇ ಇತ್ತು. ಎಲ್ಲರನ್ನೂ ಅಂಕಲ್, ಆಂಟಿ, ಕಸಿನ್ ಮಾಡಿದಾಗ ಕಳೆದುಹೋಗುವುದು ಇಡೀ ಮನೆತನದ ನಕ್ಷೆ. ನೆಂಟಸ್ತಿಕೆಯಲ್ಲಿ ಮದುವೆ ಈಗ ಕಡಿಮೆಯಾಗುತ್ತಿದೆ. ವೈದ್ಯರೂ ಬೇಡ ಎನ್ನುತ್ತಾರೆ, ಅದು ಸರಿಯೇ. ಹೆಸರುಗಳನ್ನು ಮಾತ್ರ ಬಿಡಬೇಡಿ.

ಊರು ಬದಲಾದರೆ ಹೆಸರೂ ಬದಲಾಗುತ್ತದೆ. ಧಾರವಾಡದಲ್ಲಿ ಚಿಕ್ಕಪ್ಪ 'ಕಾಕಾ'. ಕಲಬುರಗಿಯಲ್ಲಿ ಅಜ್ಜ 'ಮುತ್ಯಾ'. 'ಆಯಿ' ಎಂದರೆ ಶಿರಸಿಯ ಹವ್ಯಕರ ಮನೆಯಲ್ಲಿ ತಾಯಿ, ಬೆಳಗಾವಿ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿ.

ನಮ್ಮ ಮನೆಯಲ್ಲಿ ಅಪ್ಪನನ್ನು 'ಅಣ್ಣ' ಎಂದು ಕರೆಯುತ್ತೇವೆ. ನಾವು ಮಾತ್ರವಾ?

ಇಲ್ಲ, ಹಳೇ ಮೈಸೂರಿನಲ್ಲಿ ಬೇಕಾದಷ್ಟು ಮನೆಗಳಿವೆ. ತುಂಬಿದ ಮನೆಯಲ್ಲಿ ಮಗು ಮಾತು ಕಲಿಯುವಾಗ ಚಿಕ್ಕಪ್ಪಂದಿರು, ಅತ್ತೆಯರು ಅಪ್ಪನನ್ನು 'ಅಣ್ಣ, ಅಣ್ಣ' ಎನ್ನುತ್ತಿದ್ದರೆ ಮಗುವೂ ಅದನ್ನೇ ಹಿಡಿಯುತ್ತದೆ. ಅಮ್ಮನನ್ನು 'ಅಕ್ಕ' ಎನ್ನುವವರೂ ಇದ್ದಾರೆ. ಆ ತುಂಬಿದ ಮನೆ ಪಾಲಾಗಿ ಎಷ್ಟೋ ವರ್ಷವಾಗಿರಬಹುದು. ಕರೆಯುವ ಹೆಸರು ಮಾತ್ರ ಒಟ್ಟಿಗಿದ್ದ ಕಾಲದ್ದು.

ಅಜ್ಜಿ ಅಜ್ಜನ ಹೆಸರು ಹೇಳುವುದೇ ಇಲ್ಲ. ಯಾಕೆ?

ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಹಾಗಾಗಿ 'ಇವರು', 'ನಮ್ಮನೆಯವರು', 'ಯಜಮಾನರು'. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಅಜ್ಜಿ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಬೇಕು.

ಆದರೆ ಮದುವೆಯಲ್ಲಿ ಹೆಸರು ಹೇಳಿಸದೆ ಬಿಡುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಒಡಪು ಹೇಳುವುದು ಎನ್ನುತ್ತಾರೆ. ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರನ್ನು ಕೂರಿಸಿ ಹೇಳಬೇಕು. ಧಾರವಾಡದ ನನ್ನ ಅತ್ತಿಗೆಯರು ಇದಕ್ಕೆ ತಿಂಗಳ ಮೊದಲೇ ತಯಾರಿ ಮಾಡಿಕೊಳ್ಳುತ್ತಿದ್ದರು. ಹೆಂಡತಿಯ ಹೆಸರಿಟ್ಟು ಹೇಳು ಎಂದರೆ ಗಂಡು ಬೆವರುತ್ತಿದ್ದ.

ಹೊರಡುವಾಗ 'ಹೋಗ್ತೀನಿ' ಅನ್ನಬಾರದು ಯಾಕೆ?

ಹೋದವರು ತಿರುಗಿ ಬರಬೇಕಲ್ಲ. ಅದಕ್ಕೆ 'ಬರ್ತೀನಿ', 'ಹೋಗಿ ಬರ್ತೀನಿ'. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಎನ್ನುವ ಇಂಥ ಮಾತುಗಳು ಇನ್ನೂ ಇವೆ. ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು. ರಾತ್ರಿ ಹಾವು ಎನ್ನುವುದಿಲ್ಲ, ಹುಳ. ಕಚ್ಚಿತು ಎನ್ನುವುದಿಲ್ಲ, ಮುಟ್ಟಿತು. ಸಿಡುಬಿಗೆ ಅಮ್ಮ. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪಿಗೆ 'ರುಚಿ' ಎನ್ನುತ್ತಿದ್ದರು. 'ಸಾರಿಗೆ ಸ್ವಲ್ಪ ರುಚಿ ಹಾಕು' ಎಂದು ನಾನು ಈಗಲೂ ಹೇಳುತ್ತೇನೆ. ಭಯಕ್ಕಲ್ಲ, ಕೇಳಲು ಚೆನ್ನಾಗಿದೆ.

ಬೆಂಗಳೂರು ಎಂದರೆ ಬೆಂದ ಕಾಳಿನ ಊರಾ?

ಕಥೆ ಚೆನ್ನಾಗಿದೆ. ಹಸಿದು ಬಂದ ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು 890ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅದು ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದಿನದು. ಕಥೆಯನ್ನು ಮಕ್ಕಳಿಗೆ ಖಂಡಿತ ಹೇಳಿ. ಒಂದು ಭಾನುವಾರ ಬೇಗೂರಿಗೂ ಕರೆದುಕೊಂಡು ಹೋಗಿ.

ಹಾಗೇ ದಾರಿಯಲ್ಲಿ ಬೋರ್ಡುಗಳನ್ನು ಓದಿಸಿ. ಬೊಮ್ಮಸಂದ್ರ, ಸಿಂಗಸಂದ್ರದ 'ಸಂದ್ರ' ಎಂದರೆ ಸಮುದ್ರ. ಹಿಂದಿನವರಿಗೆ ದೊಡ್ಡ ಕೆರೆಯೇ ಸಮುದ್ರ. ಕೆರೆ ಇದ್ದ ಜಾಗ ಹೆಸರಲ್ಲಿ ಈಗಲೂ ಇದೆ.

ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ. ಏನು ಮಾಡುವುದು?

ಬೈಯಬೇಡಿ. ನೀವು ಕನ್ನಡದಲ್ಲೇ ಮುಂದುವರಿಸಿ. ನನ್ನ ಮಗಳ ವಿಷಯದಲ್ಲಿ ಕೆಲಸ ಮಾಡಿದ್ದು ಒಂದೇ: ಇಂಗ್ಲಿಷ್ ಬಾರದ ಒಬ್ಬರ ಜೊತೆ ದಿನಾ ಮಾತು. ಧಾರವಾಡದ ಅಜ್ಜಿಗೆ ಸಂಜೆ ಏಳಕ್ಕೆ ಫೋನು. ಮೊದಲ ತಿಂಗಳು 'ಹ್ಞೂಂ', 'ಇಲ್ಲ' ಅಷ್ಟೇ. ಆಮೇಲೆ ಶಾಲೆಯ ದೂರುಗಳು ಶುರುವಾದವು. ದೂರು ಹೇಳಲು ಪದ ಬೇಕಲ್ಲ, ತಾನಾಗಿ ಬಂದವು.

ಇನ್ನೊಂದು ಮಾತು. ಮಗು ತಪ್ಪಾಗಿ ಕನ್ನಡ ಆಡಿದಾಗ ನೆಂಟರ ಮುಂದೆ ನಗಬೇಡಿ. 'ಅಜ್ಜ ಬಂತು' ಎಂದರೆ 'ಹೌದಾ, ಅಜ್ಜ ಬಂದ್ರಾ?' ಎಂದು ನೀವು ಸರಿಯಾಗಿ ಆಡಿ ಮುಂದೆ ಹೋಗಿ. ಒಂದು ಸಲ ಎಲ್ಲರೂ ನಕ್ಕರೆ ಆ ಮಗು ಕನ್ನಡದಲ್ಲಿ ಬಾಯಿ ತೆರೆಯಲು ವರ್ಷಗಟ್ಟಲೆ ಹಿಂಜರಿಯುತ್ತದೆ. ಹೊರದೇಶದಲ್ಲಿ ಬೆಳೆದ ನನ್ನ ತಂಗಿಯ ಮಗನಿಗೆ ಹೀಗೆ ಆಗಿದೆ.

ಪದದ ಅರ್ಥ ಎಲ್ಲಿ ಹುಡುಕಲಿ?

ಹಳೆಯ ಪದಕ್ಕೆ ಕಿಟೆಲ್ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಗಾದೆ ಸಮೇತ ಕೊಡುತ್ತದೆ. ಪೂರ್ತಿ ವಿವರಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು. ಫೋನಿನಲ್ಲೇ ಬೇಕೆಂದರೆ ಭಾರತವಾಣಿ ಮತ್ತು ಅಲರ್.

ಅಜ್ಜಿಯ ಪದ ಅಲ್ಲೆಲ್ಲೂ ಸಿಗದಿದ್ದರೆ ಅದು ತಪ್ಪು ಪದ ಎಂದುಕೊಳ್ಳಬೇಡಿ. ಬರೆದಿಡಿ. ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಪದ, ಹೇಳಿದವರು, ಅವರ ಊರು, ತಾರೀಖು. ಅರ್ಥದ ಬದಲು ಅವರು ಆಡಿದ ವಾಕ್ಯವನ್ನೇ ಪೂರ್ತಿ ಬರೆಯುತ್ತೇನೆ. ವಾಕ್ಯ ಇದ್ದರೆ ಅರ್ಥ ತಾನಾಗಿ ತಿಳಿಯುತ್ತದೆ. ಸಾಧ್ಯವಾದರೆ ಫೋನಿನಲ್ಲಿ ಅವರ ದನಿಯನ್ನೂ ರೆಕಾರ್ಡ್ ಮಾಡಿಕೊಳ್ಳಿ. ಅಮ್ಮನ 'ಐತಿ' ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ, ಅವಳೇ ಬರೆದದ್ದು.